ಬೋರಲು ಮಲಗಿದ ಮಗು

ಎಚ್ಚರವಾಗಿರುವ ಮಗುವನ್ನು ದೊಡ್ಡವರೊಬ್ಬರ ಕಣ್ಣೆದುರಿಗೆ ಸ್ವಲ್ಪ ಹೊತ್ತು ಹೊಟ್ಟೆಯ ಮೇಲೆ ಮಲಗಿಸುವುದನ್ನು ಮಕ್ಕಳ ವೈದ್ಯರು ಟಮ್ಮಿ ಟೈಮ್ ಎನ್ನುತ್ತಾರೆ. ಹುಟ್ಟಿದ ಮಗುವಿನ ತಲೆ ಅದರ ಮೈಯುದ್ದದ ಸುಮಾರು ಕಾಲು ಭಾಗ. ದೊಡ್ಡವರಲ್ಲಿ ಎಂಟನೇ ಒಂದು ಭಾಗದಷ್ಟೇ. ಅಂಥ ತಲೆಯನ್ನು ಹೊರಬೇಕಾದ ಕತ್ತು ಮಾತ್ರ ಇನ್ನೂ ಎಳೆಯದು. ಅಂಗಾತ ಮಲಗಿದಾಗ ತಲೆಯ ಭಾರವೆಲ್ಲ ಹಾಸಿಗೆಯ ಮೇಲೆ, ಕತ್ತಿಗೆ ಕೆಲಸವೇ ಇಲ್ಲ. ಬೋರಲಾದಾಗ ಮುಖ ಎತ್ತಬೇಕೆಂದರೆ ಕತ್ತು, ಭುಜ, ಬೆನ್ನು, ತೋಳು ಎಲ್ಲವೂ ಒಟ್ಟಿಗೆ ದುಡಿಯಬೇಕು. ಬಲ ಬರುವುದು ಆ ದುಡಿಮೆಯಿಂದ.

ಹೊಸಪೇಟೆ, ಕಂಪ್ಲಿ ಕಡೆಯ ಬಾಣಂತನದಲ್ಲಿ ಇದರ ಒಂದು ತುಣುಕು ಮೊದಲಿನಿಂದಲೂ ಇದೆ. ಎರೆಯುವ ಅಜ್ಜಿ ಬಚ್ಚಲಲ್ಲಿ ಮಣೆ ಹಾಕಿ ಕೂತು, ಕಾಲು ನೀಡಿ, ಎಣ್ಣೆ ಹಚ್ಚಿದ ಮಗುವನ್ನು ಮೊದಲು ಅಂಗಾತ, ಆಮೇಲೆ ಬೋರಲು ಹಾಕಿಕೊಳ್ಳುತ್ತಾಳೆ. ಅವಳು ಬೆನ್ನು ತಿಕ್ಕುತ್ತಿದ್ದರೆ ಮಗು ಅಳುತ್ತಲೇ ತಲೆ ಎತ್ತುತ್ತದೆ, ತಡೆಯಲಾರದೆ ಇಳಿಸುತ್ತದೆ, ಮತ್ತೆ ಎತ್ತಿ ಇನ್ನೊಂದು ಪಕ್ಕಕ್ಕೆ ಹೊರಳಿಸುತ್ತದೆ. ಅದು ಒಳ್ಳೆಯ ವ್ಯಾಯಾಮವೇ. ಆದರೆ ನಡೆಯುವುದು ಒಂದೆರಡು ನಿಮಿಷ. ಮೈ ಒರೆಸಿ, ಬಟ್ಟೆ ಸುತ್ತಿ ತೊಟ್ಟಿಲಿಗೆ ಹಾಕಿದ ಮೇಲೆ ದಿನದ ಉಳಿದ ಹೊತ್ತೆಲ್ಲ ಮಗು ಅಂಗಾತವೇ. ಸೀರೆಯ ಜೋಳಿಗೆಯಲ್ಲಂತೂ ಬೆನ್ನು ಬಾಗಿ ಗದ್ದ ಎದೆಗೆ ಒತ್ತುತ್ತದೆ, ಕೈಕಾಲು ಚಾಚಲು ಜಾಗ ಸಾಲದು. ಗದ್ದೆ, ಕಬ್ಬಿನ ಹೊಲಗಳಲ್ಲಿ ದುಡಿಯುವ ತಾಯಿಗೆ ಮರಕ್ಕೆ ಕಟ್ಟಿದ ಜೋಳಿಗೆ ಬಿಟ್ಟರೆ ಬೇರೆ ದಾರಿ ಇಲ್ಲದಿರಬಹುದು. ಹಾಗಿರುವಾಗ ಮನೆಯಲ್ಲಿ ಸಿಗುವ ಹೊತ್ತಿಗೆ ಬೆಲೆ ಇನ್ನೂ ಹೆಚ್ಚು.

ಎಷ್ಟು ಹೊತ್ತು? ಇನ್ನೂ ಹರಿದಾಡದ ಮಗುವನ್ನು ದಿನಕ್ಕೆ ಕನಿಷ್ಠ 30 ನಿಮಿಷ ಬೋರಲು ಬಿಡಬೇಕು, ಅದನ್ನು ದಿನವಿಡೀ ಹಂಚಿಕೊಳ್ಳಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಮೊದಲ ದಿನವೇ ಅಷ್ಟು ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಶುರುವಿಗೆ ದಿನಕ್ಕೆ ಎರಡು ಮೂರು ಸಲ, ಸಲಕ್ಕೆ ಮೂರರಿಂದ ಐದು ನಿಮಿಷ ಸಾಕು. ಹಸುಗೂಸನ್ನು ಮೊದಲು ಒರಗಿ ಕೂತ ತಾಯಿಯ ಎದೆಯ ಮೇಲೆ ಬೋರಲು ಹಾಕುವುದು ಸಲೀಸು. ತಾಯಿಯ ಮುಖ ನೋಡಲೆಂದೇ ಅದು ತಲೆ ಎತ್ತುತ್ತದೆ. ಹಾಲು ಕುಡಿದ ಕೂಡಲೇ ಬೇಡ, ಕಕ್ಕಿಕೊಳ್ಳುತ್ತದೆ. ನಿದ್ದೆಯಿಂದ ಎದ್ದಾಗ, ಬಟ್ಟೆ ಬದಲಿಸಿದಾಗ ಸರಿಯಾದ ಹೊತ್ತು.

ಆಮೇಲೆ ನೆಲ. ಮೆತ್ತನೆಯ ಹಾಸಿಗೆಯಲ್ಲಿ ಮೂಗು ಹೂತುಹೋಗುವ ಅಪಾಯವಿದೆ, ಕೈ ಊರಲು ಆಸರೆಯೂ ಸಿಗದು. ಚಾಪೆಯ ಮೇಲೆ ಬಿಗಿಯಾಗಿ ಹಾಸಿದ ಕೌದಿಗಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗಲಾರದು. ಹಳೆ ಸೀರೆಗಳ ಕೆಂಪು, ಹಸಿರು, ಹಳದಿ ತುಂಡುಗಳು ಮಗುವಿನ ಕಣ್ಣಿಗೆ ನೇರ ಬೀಳುತ್ತವೆ. ಸಂಡೂರಿನ ಲಂಬಾಣಿ ಕಸೂತಿಯ ಬಟ್ಟೆಯನ್ನು ಎದುರಿಗೆ ಹಿಡಿದರೆ ಅದರ ಹೊಳಪು ಮಗುವಿನ ನೋಟವನ್ನು ಸೆಳೆಯುತ್ತದೆ, ಆದರೆ ಕೈಗೆ ಕೊಡಬಾರದು. ಕನ್ನಡಿ ಬಿಲ್ಲೆ ಕಿತ್ತು ಬಾಯಿಗೆ ಹೋದೀತು. ಅದಿರಿನ ಲಾರಿಗಳು ಓಡಾಡುವ ಊರುಗಳಲ್ಲಿ ಕೆಂದೂಳು ನೆಲಕ್ಕೆ ಕೂರುವುದರಿಂದ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಕಲ್ಲುಬಂಡೆಯ ಸೀಮೆ ಇದು, ಇರುವೆಯ ಜೊತೆ ಚೇಳನ್ನೂ ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ಬೆಳಗಿನ ತಂಪು ಹೊತ್ತೇ ಮೇಲು.

ಮಗು ಅತ್ತರೆ? ಬಹಳ ಮಕ್ಕಳು ಅಳುತ್ತವೆ. ಎದೆಯ ಕೆಳಗೆ ಟವೆಲ್ ಸುರುಳಿ ಇಟ್ಟು, ತೋಳುಗಳನ್ನು ಅದರ ಮುಂದಕ್ಕೆ ತಂದರೆ ತಲೆ ಎತ್ತುವುದು ಹಗುರಾಗುತ್ತದೆ. ಅಕ್ಕನೋ ಅಜ್ಜನೋ ಎದುರಿಗೆ ತಾನೂ ಬೋರಲು ಮಲಗಿ ಮಾತಾಡಿಸಿದರೆ ಇನ್ನೂ ಒಳ್ಳೆಯದು. ಆದರೂ ಅಳು ನಿಲ್ಲದಿದ್ದರೆ ಎತ್ತಿಕೊಳ್ಳುವುದೇ ಸರಿ. ಹಟ ಹಿಡಿದು ಮಾಡಿಸುವ ಕೆಲಸವಲ್ಲ ಇದು.

ನಿದ್ದೆಯ ಮಾತೇ ಬೇರೆ. ಬೋರಲು ಮಲಗಿದರೆ ಗಾಢ ನಿದ್ದೆ ಬರುತ್ತದೆ ಎಂದು ಹಾಗೆಯೇ ಬಿಡುವ ಮನೆಗಳಿವೆ, ಅದು ಅಪಾಯ. ಮಕ್ಕಳನ್ನು ಅಂಗಾತವೇ ಮಲಗಿಸಿ ಎಂದು ಅಮೆರಿಕದಲ್ಲಿ 1994ರಲ್ಲಿ ದೊಡ್ಡ ಪ್ರಚಾರ ನಡೆಯಿತು. ಮುಂದಿನ ವರ್ಷಗಳಲ್ಲಿ ಅಲ್ಲಿ ನಿದ್ದೆಯಲ್ಲಿ ಹಠಾತ್ತನೆ ಸಾಯುವ ಶಿಶುಗಳ ಪ್ರಮಾಣ ಅರ್ಧದಷ್ಟು ಇಳಿಯಿತು. ಜೊತೆಗೆ ತಲೆಯ ಹಿಂಭಾಗ ಚಪ್ಪಟೆಯಾದ ಮಕ್ಕಳು ಹೆಚ್ಚಾಗಿ ಕಂಡವು. ಎಚ್ಚರವಿದ್ದಾಗ ಬೋರಲು ಹಾಕಿ ಎಂಬ ಸಲಹೆಗೆ ಒತ್ತು ಬಂದದ್ದು ಹೀಗೆ. ನೆಲದ ಮೇಲೆಯೇ ಮಗು ತೂಕಡಿಸಿದರೆ ತಿರುಗಿಸಿ ಅಂಗಾತ ಮಾಡಬೇಕು.

ಎರಡು ತಿಂಗಳ ಹೊತ್ತಿಗೆ ಮಗು ಬೋರಲಾಗಿ ತಲೆಯನ್ನು ಕ್ಷಣಕಾಲ ಎತ್ತಿ ಹಿಡಿಯುತ್ತದೆ. ನಾಲ್ಕರ ಸುಮಾರಿಗೆ ಕತ್ತು ನಿಂತು, ಮೊಣಕೈ ಊರಿ ಎದೆ ಎತ್ತುತ್ತದೆ. ಆರರ ಹೊತ್ತಿಗೆ ತೋಳು ನೇರ ಮಾಡಿ ಮೇಲೇಳುತ್ತದೆ, ತಾನಾಗಿ ಹೊರಳುತ್ತದೆ. ಅಂಬೆಗಾಲಿಗೆ ಮಾತ್ರ ಗಡುವಿಲ್ಲ. ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ವಿಶ್ವ ಆರೋಗ್ಯ ಸಂಸ್ಥೆ ಗಮನಿಸಿದಾಗ ಸುಮಾರು ಶೇ. 4ರಷ್ಟು ಮಕ್ಕಳು ಅಂಬೆಗಾಲು ಇಡದೆಯೇ ಮುಂದಕ್ಕೆ ಹೋಗಿದ್ದವು. ಹಂಪಿಯ ಕಂಬಗಳಲ್ಲಿ ಅಂಬೆಗಾಲಿನ ಬಾಲಕೃಷ್ಣನನ್ನು ಕಂಡವರು ಮನೆಯ ಮಗುವೂ ಹಾಗೇ ಹರಿದಾಡಲಿ ಎಂದು ಬಯಸುವುದು ಸಹಜ, ಆದರೆ ಅದೊಂದು ತಪ್ಪಿದ್ದಕ್ಕೆ ಗಾಬರಿಪಡಬೇಕಿಲ್ಲ.

ಗಮನಿಸಬೇಕಾದ ಲಕ್ಷಣಗಳು ಬೇರೆ: ನಾಲ್ಕು ತಿಂಗಳು ತುಂಬಿದರೂ ಕತ್ತು ನಿಲ್ಲದಿರುವುದು, ಮೈ ತೀರಾ ಜೋತುಬೀಳುವುದು ಅಥವಾ ಬಿಗಿಯಾಗಿರುವುದು, ಒಂದೇ ಪಕ್ಕಕ್ಕೆ ತಲೆ ತಿರುಗಿಸುವುದು, ಒಂದೇ ಕೈ ಆಡಿಸುವುದು, ಬಂದ ಚಟುವಟಿಕೆ ಮತ್ತೆ ನಿಂತುಹೋಗುವುದು. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ವಯಸ್ಸನ್ನು ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಎಣಿಸಬೇಕು. ಇದನ್ನೆಲ್ಲ ಕೇಳಲು ದೂರ ಹೋಗಬೇಕಿಲ್ಲ. ವಿಜಯನಗರ ಜಿಲ್ಲೆಯ ಹೊಸಪೇಟೆ, ಹಂಪಿಯಲ್ಲಾಗಲಿ, ಬಳ್ಳಾರಿ ಜಿಲ್ಲೆಯಲ್ಲೇ ಉಳಿದ ಸಂಡೂರು, ಕಂಪ್ಲಿಯಲ್ಲಾಗಲಿ, ಹೆರಿಗೆಯಾದ 42ನೇ ದಿನದವರೆಗೆ ಹಲವು ಸಲ, ಆಮೇಲೆ 3, 6, 9, 12, 15ನೇ ತಿಂಗಳಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬರುವ ವ್ಯವಸ್ಥೆ ಇದೆ. ಆಗ ಮಗುವನ್ನು ಕೌದಿಯ ಮೇಲೆ ಬೋರಲು ಹಾಕಿಯೇ ತೋರಿಸಬಹುದು. ಅನುಮಾನವಿದ್ದರೆ ಆಕೆ ಆರೋಗ್ಯ ಕೇಂದ್ರದ ವೈದ್ಯರ ಬಳಿಗೆ ಕಳಿಸುತ್ತಾರೆ.