ರಿಮೂವ್ ಎಂದರೆ ಯಾವುದನ್ನು?

ಕನ್ನಡದಲ್ಲಿ 'ಶಿಕ್ಷೆ' ಎಂದರೆ ದಂಡನೆ. ಮುಂಬಯಿ, ಪುಣೆಯ ಮರಾಠಿಯಲ್ಲೂ ಹಾಗೆಯೇ. ದೆಹಲಿಯ ಹಿಂದಿಯಲ್ಲಿ ಮಾತ್ರ 'ಶಿಕ್ಷಾ' ಎಂದರೆ ವಿದ್ಯಾಭ್ಯಾಸ. ಹೊರನಾಡ ಕನ್ನಡಿಗರಾದ ನಿಮಗೆ ಇದು ಗೊತ್ತೇ ಇದೆ. ಕಂಪ್ಯೂಟರ್ ಭಾಷೆಗಳಲ್ಲೂ ಇಂಥ ಪದಗಳಿವೆ.

1991ರಲ್ಲಿ ಬಂದ ಪೈಥಾನ್ ಮತ್ತು 1995ರಲ್ಲಿ ಬಂದ ಜಾವಾ, ಎರಡರಲ್ಲೂ ಪಟ್ಟಿಯಿಂದ ಒಂದನ್ನು ತೆಗೆಯಲು 'ರಿಮೂವ್' ಎಂಬ ಆಜ್ಞೆಯಿದೆ. ವೈದ್ಯರ ಕೊಠಡಿಯ ಹೊರಗೆ ಕಾದಿರುವವರ ಟೋಕನ್ 7, 2, 9 ಎಂದಿಟ್ಟುಕೊಳ್ಳಿ. 2ನೇ ಟೋಕನ್‌ನವರ ತಪಾಸಣೆ ಮುಗಿಯಿತು. 'ರಿಮೂವ್ 2' ಎಂದರೆ ಪೈಥಾನ್ 2 ಎಂಬ ಸಂಖ್ಯೆಯನ್ನೇ ತೆಗೆಯುತ್ತದೆ. ಜಾವಾ ಅದನ್ನು ಸ್ಥಾನವೆಂದು ತಿಳಿಯುತ್ತದೆ. ಸೊನ್ನೆಯಿಂದ ಎಣಿಸಿ ಮೂರನೆಯದಾದ 9ನ್ನು ತೆಗೆಯುತ್ತದೆ! ಎರಡರಲ್ಲೂ ಉಳಿಯುವುದು ಎರಡೇ ಟೋಕನ್. ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ 9ನೇ ಟೋಕನ್ ಹಿಡಿದವರನ್ನು ಯಾರೂ ಕರೆಯುವುದಿಲ್ಲ.

ಪೈಥಾನ್‌ನಿಂದ ಜಾವಾವನ್ನು ಬಳಸಲು ಪೈ-ಫೋರ್-ಜೆ, ಜೆ-ಪೈಪ್‌ನಂಥ ಸೇತುವೆಗಳಿವೆ. ಇಂಥ ಯಾವುದೇ ಸೇತುವೆ ಆಜ್ಞೆಯನ್ನು ಇದ್ದ ಹಾಗೆಯೇ ದಾಟಿಸಿಬಿಟ್ಟರೆ ಎಡವಟ್ಟು ತಪ್ಪದು. ಸರಿಪಡಿಸುವ ದಾರಿ ಸರಳ: ಬರೆಯುವವರು ಪೈಥಾನ್‌ನಲ್ಲಿ ಬರೆದಿದ್ದರೆ ಪೈಥಾನ್ ಅರ್ಥವೇ ನಡೆಯಬೇಕು. ಸೇತುವೆಯು ಮೊದಲು ಆ ಸಂಖ್ಯೆ ಎಲ್ಲಿದೆಯೆಂದು ಹುಡುಕಿ, ಆ ಸ್ಥಾನವನ್ನು ಜಾವಾಕ್ಕೆ ಹೇಳಬೇಕು. ಸಂಖ್ಯೆ ಇಲ್ಲದಿದ್ದರೆ ಪೈಥಾನ್‌ನ ರೂಢಿಯಂತೆ ದೋಷವನ್ನು ಸಾರಬೇಕು. ಸ್ಥಾನ ಹೇಳಿ ತೆಗೆಯಲು ಪೈಥಾನ್‌ನಲ್ಲಿ 'ಡೆಲ್', 'ಪಾಪ್' ಬೇರೆಯೇ ಇವೆ.

ಪರೀಕ್ಷಿಸುವಾಗ ಒಂದು ಎಚ್ಚರಿಕೆ. ಪಟ್ಟಿಯಲ್ಲಿ ಬರೀ ಹೆಸರುಗಳಿದ್ದರೆ ಈ ದೋಷ ಕಾಣಿಸುವುದೇ ಇಲ್ಲ. ಹೆಸರನ್ನು ಜಾವಾ ಸ್ಥಾನವೆಂದು ತಿಳಿಯಲಾರದು. ಆದ್ದರಿಂದ ಸಂಖ್ಯೆಗಳ ಪಟ್ಟಿಯನ್ನೇ ಕೊಡಿ. ಒಂದೇ ಸಂಖ್ಯೆ ಎರಡು ಬಾರಿ ಇರುವ ಪಟ್ಟಿ, ಕೇಳಿದ ಸಂಖ್ಯೆ ಇಲ್ಲದ ಪಟ್ಟಿ, ಇವನ್ನೂ ಕೊಟ್ಟು ನೋಡಿ.

ಇನ್ನೊಂದು ಮಾತು. ಹಳೆಯ ನಡತೆಯನ್ನೇ ನಂಬಿ, ಸ್ಥಾನ ಹೇಳಲು 'ರಿಮೂವ್' ಬಳಸಿದವರೂ ಇರಬಹುದು. ದುರಸ್ತಿಯಾದ ದಿನ ಅವರ ಪಟ್ಟಿ ಕೆಡುತ್ತದೆ. ಬದಲಾವಣೆಯನ್ನು ಅವರಿಗೆ ಮೊದಲೇ, ಸ್ಪಷ್ಟವಾಗಿ ತಿಳಿಸುವುದೂ ದುರಸ್ತಿಯ ಭಾಗವೇ.

ನಿಮ್ಮಲ್ಲಿ ಎಷ್ಟೋ ಮಂದಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀರಿ. ನಾಳೆ ಕಚೇರಿಯಲ್ಲಿ ಬಿಡುವಾದಾಗ ನೀವು ಬಳಸುವ ಸೇತುವೆಗೆ 7, 2, 9 ಕೊಟ್ಟು 'ರಿಮೂವ್ 2' ಎನ್ನಿ. ಉಳಿದದ್ದು 7, 9 ಆದರೆ ನಿಶ್ಚಿಂತೆ. 7, 2 ಆದರೆ, ಹೊರಗೆ ಯಾರೋ ಕಾಯುತ್ತಿದ್ದಾರೆ ಎಂದು ತಿಳಿಯಿರಿ.