ಮಣ್ಣಿನ ಚೀಟಿಗೆ ಇನ್ನು ಮೂರು ಸಾಲು ಸೇರಲಿ



   ಈ ಸಮ್ಮೇಳನದ ಅಧ್ಯಕ್ಷ ಸ್ಥಾನದಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಾವು ಉಣ್ಣುವ ಅಕ್ಕಿಯೊಳಗೆ ಕ್ಯಾಡ್ಮಿಯಂ, ಆರ್ಸೆನಿಕ್, ಸೀಸ ಸೇರುತ್ತಿದೆಯೇ ಎಂಬುದು ಹೊಸ ಪ್ರಶ್ನೆಯಲ್ಲ. ಜಪಾನಿನ ತೊಯಾಮಾದಲ್ಲಿ ಕಮಿಯೋಕಾ ಗಣಿಯ ಹೊಲಸು ಜಿಂಜೂ ನದಿಗೆ ಸೇರಿ, ನದಿಯಿಂದ ಗದ್ದೆಗೆ ಹರಿದು, ಅಲ್ಲಿನ ಹೆಂಗಸರ ಮೂಳೆ ಕೆಮ್ಮಿದರೂ ಮುರಿಯುವಷ್ಟು ಮೆತ್ತಗಾಗಿತ್ತು. ಅದಕ್ಕೆ ಕ್ಯಾಡ್ಮಿಯಂ ಕಾರಣವೆಂದು ಅಲ್ಲಿನ ಸರ್ಕಾರ ಒಪ್ಪಿದ್ದು 1968ರಲ್ಲಿ. ಎಂಟುನೂರಕ್ಕೂ ಹೆಚ್ಚು ಹೆಕ್ಟೇರ್ ಗದ್ದೆಯ ಮಣ್ಣು ಸರಿಪಡಿಸುವ ಕೆಲಸ ಮುಗಿದದ್ದು 2012ರಲ್ಲಿ. ಒಮ್ಮೆ ಕೆಟ್ಟ ಗದ್ದೆ ಒಂದು ತಲೆಮಾರಿನಲ್ಲಿ ಸುಧಾರಿಸುವುದಿಲ್ಲ.

ಇಂಥ ಕೇಡು ನಮ್ಮಲ್ಲೂ ಇದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್‌ನಿಂದ ಜನರ ಅಂಗೈ ಅಂಗಾಲು ಗಡುಸಾಗಿ ಗಂಟುಗಟ್ಟಿದ್ದನ್ನು ಈ ಸಭೆಯಲ್ಲಿರುವ ಕೆಲವರು ಕಣ್ಣಾರೆ ನೋಡಿದ್ದೀರಿ. ಹತ್ತಿರದಲ್ಲೇ ಮಂಗಳೂರು ಎಂಬ ಹಳ್ಳಿಯ ಹಳೆಯ ಚಿನ್ನದ ಗಣಿ. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಅವರ ತಂಡ ಅಲ್ಲಿನ ಆರ್ಸೆನಿಕ್ ಬಗ್ಗೆ 2013ರಲ್ಲಿ ಪ್ರಬಂಧ ಪ್ರಕಟಿಸಿತು. ಆ ಬಳಿಕ ನಡೆದ ಮಾತುಕತೆಯೆಲ್ಲ ಕೊಳವೆಬಾವಿಯ ಸುತ್ತಲೇ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿ ಎಲ್ಲರಿಗೂ ಗೊತ್ತು. ಗದ್ದೆಗೆ ಬಿಡುವ ನೀರಿನ ಮಿತಿ ಎಷ್ಟು, ಅದನ್ನು ಅಳೆಯುವವರು ಯಾರು ಎಂದು ಕೇಳಿದರೆ ಅಂತರ್ಜಲದವರು ಕೃಷಿಯವರ ಕಡೆ, ಕೃಷಿಯವರು ಆಹಾರ ಸುರಕ್ಷತೆಯವರ ಕಡೆ ಕೈ ತೋರಿಸುತ್ತಾರೆ.

ಈಗ ನನ್ನ ಹಳೆಯ ಜಗಳಕ್ಕೆ ಬರುತ್ತೇನೆ.

2015ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮಣ್ಣು ಆರೋಗ್ಯ ಚೀಟಿಯ ಯೋಜನೆ ಆರಂಭಿಸಿತು. ಒಳ್ಳೆಯ ಯೋಜನೆ, ಅದರ ವಿರುದ್ಧ ನಾನು ಎಂದೂ ಮಾತಾಡಿಲ್ಲ. ಚೀಟಿಯಲ್ಲಿ 12 ಅಂಶಗಳಿವೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಎಲ್ಲವೂ ಬೆಳೆಗೆ ಏನು ಬೇಕು ಎಂಬ ಲೆಕ್ಕ. ಆ ಬೆಳೆ ಉಣ್ಣುವವನಿಗೆ ಏನು ಕೇಡು ಎಂಬ ಲೆಕ್ಕಕ್ಕೆ ಒಂದು ಸಾಲೂ ಇಲ್ಲ.

ಬಿಡದಿ ಬಳಿಯ ಬೈರಮಂಗಲದ ಕಡೆ ಹೋಗಿ ನೋಡಿ. ಬೆಂಗಳೂರಿನ ಚರಂಡಿ, ಕಾರ್ಖಾನೆಗಳ ನೀರನ್ನೆಲ್ಲ ಹೊತ್ತು ವೃಷಭಾವತಿ ನದಿ ಆ ಕಡೆ ಹರಿದುಬರುತ್ತದೆ. ಕಾಲುವೆಯ ಮೇಲೆ ನೊರೆ. ಒಂದು ಕಾಲದ ಭತ್ತದ ಗದ್ದೆಗಳಲ್ಲಿ ಈಗ ಬಹುಮಟ್ಟಿಗೆ ಬೇಬಿ ಕಾರ್ನ್, ಮೇವಿನ ಹುಲ್ಲು. ಅಲ್ಲಿ ಒಬ್ಬ ಹಿರಿಯ ರೈತರು ತಮ್ಮ ಚೀಟಿಯನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ನನ್ನ ಕೈಗೆ ಕೊಟ್ಟರು. ಸಾವಯವ ಇಂಗಾಲ ಹೆಚ್ಚು, ಸತು ಸಾಕಷ್ಟು, ತಾಮ್ರ ಸಾಕಷ್ಟು ಎಂದು ಅಚ್ಚಾಗಿತ್ತು. "ಎಲ್ಲ ಚೆನ್ನಾಗಿದೆ ಅಂತ ಬರೆದವ್ರೆ ಸ್ವಾಮಿ. ನೀರು ನೋಡಿದ್ರೆ ಹಿಂಗೈತೆ. ಯಾವ್ದನ್ನ ನಂಬ್ಲಿ?" ಎಂದರು. ಕಾರ್ಖಾನೆಯ ನೀರಿನಿಂದ ಬರುವ ಸತುವನ್ನು ಆ ಚೀಟಿ ಫಲವತ್ತತೆ ಎಂದು ಎಣಿಸುತ್ತದೆ. ಅದೇ ನೀರಿನಲ್ಲಿ ಬರಬಹುದಾದ ಕ್ಯಾಡ್ಮಿಯಂ, ಸೀಸಗಳ ಸುದ್ದಿಯೇ ಅದರಲ್ಲಿಲ್ಲ.

ಇದನ್ನು ಅಳೆಯುವುದು ಕಷ್ಟವೇ? ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು ಇಲ್ಲಿದ್ದೀರಿ, ನೀವೇ ಹೇಳಿ. ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ತಿಳಿಯಲು ಮಣ್ಣನ್ನು ಲೋಹಗಳನ್ನು ಸೆಳೆದು ತೆಗೆಯುವ ಡಿಟಿಪಿಎ ದ್ರಾವಣದಲ್ಲಿ ಕುಲುಕಿ, ಸೋಸಿ, ಲೋಹ ಅಳೆಯುವ ಎಎಎಸ್ ಯಂತ್ರಕ್ಕೆ ಕೊಡುತ್ತೇವೆ. ಒಂದೊಂದು ಲೋಹಕ್ಕೆ ಒಂದೊಂದು ದೀಪ. ಸೋಸಿದ ಅದೇ ದ್ರಾವಣ, ಅದೇ ಯಂತ್ರ. ಕ್ಯಾಡ್ಮಿಯಂ ದೀಪ ಹಾಕಿದರೆ ಕ್ಯಾಡ್ಮಿಯಂ, ಸೀಸದ ದೀಪ ಹಾಕಿದರೆ ಸೀಸ. ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಆರ್ಸೆನಿಕ್‌ಗೆ ಮಾತ್ರ ಆ ಯಂತ್ರಕ್ಕೆ ಹೈಡ್ರೈಡ್ ಎಂಬ ಹೆಚ್ಚುವರಿ ಜೋಡಣೆ ಬೇಕು, ಅದನ್ನು ಒಪ್ಪುತ್ತೇನೆ.

ಈ ಮಾತನ್ನು ನಾನು ಸಭೆಯ ಮೇಲೆ ಸಭೆಯಲ್ಲಿ ಹೇಳಿದ್ದೇನೆ. ಬಂದ ಉತ್ತರಗಳು ಮೂರು. ನಮೂನೆ ಕೇಂದ್ರದ್ದು, ನಾವು ಸಾಲು ಸೇರಿಸುವಂತಿಲ್ಲ ಎಂಬುದು ಮೊದಲನೆಯದು. ಚೀಟಿಯ ಬೆನ್ನ ಮೇಲೆ ಜಾಗ ಖಾಲಿ ಇದೆ, ರಾಜ್ಯ ಅಲ್ಲಿ ಅಚ್ಚು ಹಾಕಲಿ. ಎರಡನೆಯದು, ರೈತ ಹೆದರುತ್ತಾನೆ, ಭತ್ತದ ಬೆಲೆ ಬೀಳುತ್ತದೆ ಎಂಬುದು. ಒಬ್ಬ ಹಿರಿಯ ಅಧಿಕಾರಿ ಈ ಲೋಹಗಳ ಬಗ್ಗೆ ನಮ್ಮ ತಂಡ ಬರೆದ ವರದಿಯನ್ನು ಮಡಚಿ ಮೇಜಿನ ಮೇಲಿಟ್ಟು, "ಇದು ಪತ್ರಿಕೆಗೆ ಹೋಗಬಾರದು" ಎಂದಷ್ಟೇ ಹೇಳಿ ಎದ್ದರು. ಆ ವರದಿ ಇವತ್ತಿಗೂ ಹೊರಬಂದಿಲ್ಲ. ಆ ಕಹಿ ನನ್ನಲ್ಲಿ ಆರಿಲ್ಲ, ಆರಬೇಕಾಗಿಯೂ ಇಲ್ಲ. ರೈತನ ಹೆಸರಿನಲ್ಲಿ ರೈತನಿಂದಲೇ ಸತ್ಯ ಮುಚ್ಚಿಡುವುದು ಅನ್ಯಾಯ. ಆ ಅನ್ನವನ್ನು ಮೊದಲು ಉಣ್ಣುವುದು ಅವನ ಮಕ್ಕಳೇ.

ಮೂರನೆಯ ಉತ್ತರವೇ ಅಪಾಯದ್ದು: ತಿಳಿದು ಏನು ಮಾಡುವುದು, ಪರಿಹಾರ ಇಲ್ಲವಲ್ಲ? ಪರಿಹಾರ ಇದೆ. ಗದ್ದೆಯಲ್ಲಿ ನೀರು ನಿಂತಾಗ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಕಬ್ಬಿಣದ ಆಕ್ಸೈಡಿಗೆ ಅಂಟಿಕೊಂಡಿದ್ದ ಆರ್ಸೆನಿಕ್ ಆಗ ಬಿಡಿಸಿಕೊಂಡು ನೀರಿಗಿಳಿಯುತ್ತದೆ, ಭತ್ತದ ಬೇರು ಸಿಲಿಕಾನ್ ಹೀರುವ ದಾರಿಯಲ್ಲೇ ಒಳಹೋಗುತ್ತದೆ. ಕ್ಯಾಡ್ಮಿಯಂ ಇದಕ್ಕೆ ತದ್ವಿರುದ್ಧ. ನಿಂತ ನೀರಿನಲ್ಲಿ ಗಂಧಕದೊಂದಿಗೆ ಸೇರಿ ಕದಲದೆ ಕೂರುತ್ತದೆ. ಗದ್ದೆ ಒಣಗಿಸಿದರೆ ಕರಗಿ ಕಾಳು ಸೇರುತ್ತದೆ. ಅದಕ್ಕೇ ಜಪಾನಿನವರು ತೆನೆ ಹೊರಡುವ ಮುಂಚಿನ ಮೂರು ವಾರ, ನಂತರದ ಮೂರು ವಾರ ಗದ್ದೆಯಲ್ಲಿ ನೀರು ನಿಂತೇ ಇರುವಂತೆ ನೋಡಿಕೊಳ್ಳುತ್ತಾರೆ. ನಾವು ನೀರು ಉಳಿಸಿ ಎಂದು ಊರೂರಿಗೆ ಹೋಗಿ, ಒಮ್ಮೆ ಹಾಯಿಸಿ ಒಮ್ಮೆ ಒಣಗಿಸಿ ಎಂದು ಹೇಳಿಬರುತ್ತಿದ್ದೇವೆ. ಆರ್ಸೆನಿಕ್ ಇರುವ ಗದ್ದೆಗೆ ಆ ಸಲಹೆ ಔಷಧ, ಕ್ಯಾಡ್ಮಿಯಂ ಇರುವ ಗದ್ದೆಗೆ ವಿಷ. ಯಾವ ಗದ್ದೆಯಲ್ಲಿ ಯಾವುದಿದೆ ಎಂದು ತಿಳಿಯದೆ ಸಲಹೆ ಕೊಡುವ ಹಕ್ಕು ನಮಗಿಲ್ಲ. ಹುಳಿ ಮಣ್ಣಿಗೆ ಸುಣ್ಣ ಹಾಕಿದರೆ ಕ್ಯಾಡ್ಮಿಯಂ ತಗ್ಗುತ್ತದೆ. ಮಲೆನಾಡು, ಕರಾವಳಿಯ ಗದ್ದೆಗಳಿಗೆ ಇದು ನೇರ ಅನ್ವಯ. ಇದನ್ನೂ ಚೀಟಿ ಹೇಳಬಹುದಿತ್ತು.

ಆದ್ದರಿಂದ ನನ್ನ ಬೇಡಿಕೆ: ಚೀಟಿಗೆ ಕ್ಯಾಡ್ಮಿಯಂ, ಸೀಸ, ಆರ್ಸೆನಿಕ್ ಎಂಬ ಮೂರು ಸಾಲು. ಮೊದಲು ವೃಷಭಾವತಿಯ ಬಯಲು, 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಚರಂಡಿ ನೀರು ಬರುತ್ತಿರುವ ಕೋಲಾರದ ಕೆರೆಗಳ ಅಚ್ಚುಕಟ್ಟು, ಚಿನ್ನದ ಗಣಿಯಿರುವ ಹಟ್ಟಿ ಮತ್ತು ಸುರಪುರದ ಸುತ್ತಮುತ್ತ. ಆರ್ಸೆನಿಕ್ ಅಳತೆಗೆ ಕಂದಾಯ ವಿಭಾಗಕ್ಕೊಂದು ಪ್ರಯೋಗಾಲಯ. ಭತ್ತ ಖರೀದಿ ಕೇಂದ್ರದಲ್ಲಿ ತೇವಾಂಶ ನೋಡುವಾಗಲೇ ಒಂದಷ್ಟು ಮಾದರಿ ತೆಗೆದಿಟ್ಟು, ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿಗೆ ಹೋಲಿಸಿ ನೋಡಬೇಕು: ಪಾಲಿಶ್ ಅಕ್ಕಿಯಲ್ಲಿ ಕಿಲೋಗೆ ಕ್ಯಾಡ್ಮಿಯಂ 0.4, ನಿರವಯವ ಆರ್ಸೆನಿಕ್ 0.2 ಮಿಲಿಗ್ರಾಂ. ದನಗಳಿಗೆ ಹಾಕುವ ಹುಲ್ಲನ್ನೂ ಮರೆಯಬಾರದು, ಆರ್ಸೆನಿಕ್ ಕಾಳಿಗಿಂತ ಹುಲ್ಲಿನಲ್ಲೇ ಹೆಚ್ಚು ನಿಲ್ಲುತ್ತದೆ.

ಇನ್ನೂ ಆಸೆಗಳಿವೆ. ಅಂಗನವಾಡಿಗೆ ಹೋಗುವ ಪ್ರತಿ ಲೋಡ್ ಅಕ್ಕಿಗೂ ಪರೀಕ್ಷಾ ಪತ್ರ ಇರಲಿ. ಮಣ್ಣು ಕೆಡಿಸಿದ ಕಾರ್ಖಾನೆಯೇ ಗದ್ದೆ ಸರಿಪಡಿಸುವ ಖರ್ಚು ಕೊಡಲಿ. ಜಪಾನಿನವರು ಕೊಶಿಹಿಕಾರಿ ತಳಿಯಿಂದ ಕ್ಯಾಡ್ಮಿಯಂ ಬಹಳ ಕಡಿಮೆ ಹೀರುವ ಭತ್ತ ಪಡೆದರಲ್ಲ, ನಮ್ಮ ರಾಜಮುಡಿ, ಸೋನಾ ಮಸೂರಿಗಳಲ್ಲೂ ನಮ್ಮ ಹುಡುಗರು ಅದನ್ನು ಸಾಧಿಸಲಿ. ಮನೆಯಲ್ಲಿ ಹೆಚ್ಚು ನೀರಿಟ್ಟು ಬೇಯಿಸಿ ಗಂಜಿ ಬಸಿಯುವ ಪದ್ಧತಿ ಆರ್ಸೆನಿಕ್ ಅನ್ನು ಗಣನೀಯವಾಗಿ ತಗ್ಗಿಸುತ್ತದೆ. ಆದರೆ ಆ ನೀರೂ ಶುದ್ಧವಿರಬೇಕು. ಹೊಲದ ತಪ್ಪಿನ ಹೊಣೆಯನ್ನು ಅಡುಗೆಮನೆಯ ಹೆಂಗಸಿನ ಮೇಲೆ ಹಾಕಿ ನಾವು ಸುಮ್ಮನಾಗಬಾರದು.

ಮಧ್ಯಾಹ್ನದ ಅಧಿವೇಶನದಲ್ಲಿ ಈ ಮೂರು ಸಾಲುಗಳ ನಿರ್ಣಯ ನಿಮ್ಮ ಮುಂದೆ ಬರುತ್ತದೆ. ಹಿಂದೊಮ್ಮೆ ಇದೇ ನಿರ್ಣಯವನ್ನು "ಸರ್ಕಾರ ಪರಿಶೀಲಿಸಬಹುದು" ಎಂದು ತಿದ್ದಿ ಸತ್ವ ಕಳೆದವರು ಹೊರಗಿನವರಲ್ಲ, ನಮ್ಮವರೇ. ಈ ಸಲ "ಜಾರಿಗೆ ತರಬೇಕು" ಎಂಬ ಪದ ಬದಲಾಗಬಾರದು. ದಯವಿಟ್ಟು ಯಾರೂ ಊಟ ಮುಗಿಸಿ ಹೊರಟುಹೋಗಬೇಡಿ. ಕೂತು, ಓದಿ, ಕೈ ಎತ್ತಿ.