ಲೆಕ್ಕ ಕೇಳುವುದು ನಾಚಿಕೆಯಲ್ಲ
(ಅಕ್ಕಲಕೋಟೆ ತಾಲೂಕಿನ ಕೂಲಿಕಾರರ ಕೂಟದಲ್ಲಿ ಮಾಡಿದ ಭಾಷಣ)



ಯೋಸೇಫನನ್ನು ಅವನ ಅಣ್ಣಂದಿರು ಇಪ್ಪತ್ತು ಬೆಳ್ಳಿ ನಾಣ್ಯಗಳಿಗೆ ಮಾರಿದ ಸಂಗತಿ ನಮ್ಮ ಮಕ್ಕಳಿಗೂ ಗೊತ್ತು. ಮಾರಿದ ಮೇಲೆ ಅವರು ಮಾಡಿದ್ದೇನು? ಅವನ ಅಂಗಿಯನ್ನು ಹೋತದ ರಕ್ತದಲ್ಲಿ ಅದ್ದಿ ತಂದೆಗೆ ಕಳುಹಿಸಿದರು. ಅಂದರೆ ಸುಳ್ಳು ದಾಖಲೆ ಮಾಡಿದರು. ಮನುಷ್ಯರ ಮಾರಾಟ ಇರುವಲ್ಲಿ ಸುಳ್ಳು ದಾಖಲೆಯೂ ಇರುತ್ತದೆ.

ನಮ್ಮ ಜತ್ತ, ಅಕ್ಕಲಕೋಟೆಯ ಕಡೆ ಈ ವ್ಯಾಪಾರ ಕತ್ತಲಲ್ಲಿ ಬಾಯಿಗೆ ಬಟ್ಟೆ ಕಟ್ಟಿ ನಡೆಯುವುದಿಲ್ಲ. ಮಳೆ ಕೈಕೊಟ್ಟ ವರ್ಷ, ದಸರೆಗೆ ಮುಂಚೆ, ಹಾಡುಹಗಲಲ್ಲಿ ಪರಿಚಯದ ಮುಕಾದಮ ಮನೆಗೆ ಬರುತ್ತಾನೆ. ಕಬ್ಬು ಕಡಿಯಲು ಉಚಲ ಕೊಡುತ್ತಾನೆ. ಗಂಡಹೆಂಡತಿ ಸೇರಿ ಒಂದು ಕೊಯ್ತಾ. ಒಂದು ದಿನ ಜ್ವರ ಬಂದು ಮಲಗಿದರೆ ಖಾಡಾ ಎಂದು ಹಣ ಮುರಿಯುತ್ತಾರೆ. ಮುಂಗಡ ಪಡೆದವರೆಲ್ಲ ಜೀತದವರೆಂದು ನಾನು ಹೇಳುವುದಿಲ್ಲ. ಆದರೆ ಲೆಕ್ಕ ತೋರಿಸದೆ, ಬಿಟ್ಟುಹೋಗಲು ಬಿಡದೆ ದುಡಿಸಿದರೆ ಅದು ಜೀತವೇ.

ಹದಿನಾರನೆಯ ವಯಸ್ಸಿನಲ್ಲಿ ತಂದೆಯ ಜೊತೆ ನಾನೂ ಹೋಗಿದ್ದೆ. ಆರು ತಿಂಗಳು ಕಡಿದ ಮೇಲೂ ವಹಿಯಲ್ಲಿ ಸಾಲ ಉಳಿದೇ ಇತ್ತು. ಓದಿ ಹೇಳಿರೆಂದು ತಂದೆ ಕೇಳಲಿಲ್ಲ. ಓದು ಬಾರದೆಂದು ನಾಚಿದರು. ಆ ನಾಚಿಕೆಗೆ ನಾವು ಇನ್ನೊಂದು ವರ್ಷ ದುಡಿದೆವು.

ಕಾನೂನು ಇಲ್ಲವೇ? ಇದೆ. ಸಂವಿಧಾನದ 23ನೆಯ ವಿಧಿ ಮನುಷ್ಯರ ವ್ಯಾಪಾರವನ್ನೂ ಬಿಟ್ಟಿ ದುಡಿಮೆಯನ್ನೂ ನಿಷೇಧಿಸಿದೆ. 1976ರ ಜೀತ ಪದ್ಧತಿ ರದ್ದತಿ ಕಾಯಿದೆ ಜೀತದ ಸಾಲವನ್ನೇ ಅಳಿಸಿಹಾಕಿದೆ; ಅದು ಜೀತದ ಸಾಲವಲ್ಲವೆಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೆಂದು ಸುಪ್ರೀಂ ಕೋರ್ಟು 1982ರಲ್ಲಿ ಹೇಳಿತು. “ನಾವೇ ಒಪ್ಪಿ ಹೋದೆವಲ್ಲ” ಎಂದು ಅಳುಕುವವರು ಕೇಳಿರಿ: ಮೋಸದಿಂದ ಸಾಗಿಸಿ ಶೋಷಿಸಿದ್ದರೆ ಆ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ.

ಹಾಗಾದರೆ ಕಾನೂನು ಗದ್ದೆಯ ತನಕ ಏಕೆ ಬರುವುದಿಲ್ಲ? ದಾರಿಯಲ್ಲಿ ಲಂಚ ಕುಳಿತಿದೆ. ವಿಚಾರಣೆಗೆ ಬಂದವನು ಚಹಾ ಕುಡಿದು, ಜೇಬು ತುಂಬಿಸಿಕೊಂಡು, “ಇಲ್ಲಿ ಜೀತದಾಳುಗಳಿಲ್ಲ” ಎಂದು ಬರೆದರೆ ಬಿಡುಗಡೆಯ ಪ್ರಮಾಣಪತ್ರ ಸಿಗುವುದಿಲ್ಲ. ಪುನರ್ವಸತಿಯ ಪೂರ್ತಿ ಹಣವೂ ಸಿಗುವುದಿಲ್ಲ. ಆ ಒಂದು ಸಾಲು ರಕ್ತದಲ್ಲಿ ಅದ್ದಿದ ಅಂಗಿಯೇ.

ಇದಕ್ಕೆ ಮದ್ದನ್ನು ರಾಜಸ್ಥಾನದ ಬಡವರು ತೋರಿಸಿದ್ದಾರೆ. 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಜನರನ್ನು ಕೂಡಿಸಿ ಸರಕಾರಿ ಕಾಮಗಾರಿಯ ಲೆಕ್ಕವನ್ನು ಗಟ್ಟಿಯಾಗಿ ಓದಿಸಿದರು. ಅಂಥ ಸಭೆಗಳಲ್ಲಿ, ದುಡಿಯದವರ ಹೆಸರಿನಲ್ಲೂ ಕೂಲಿ ಬರೆದದ್ದು ಊರಿನವರ ಬಾಯಿಂದಲೇ ಹೊರಬಿತ್ತು. ಆ ಹೋರಾಟ ಬೆಳೆದು 2005ರ ಮಾಹಿತಿ ಹಕ್ಕು ಕಾಯಿದೆಗೆ ದಾರಿಯಾಯಿತು.

ನಾವೂ ಇಷ್ಟು ಮಾಡೋಣ. ಉಚಲ ಪಡೆಯುವ ದಿನವೇ ಇಬ್ಬರು ಸಾಕ್ಷಿಗಳ ಮುಂದೆ ಹಣ, ಕೂಲಿಯ ದರ, ಕಾರಖಾನೆ, ಹೋಗುವ ಊರು, ಜೊತೆಗೆ ಹೋಗುವ ಮಕ್ಕಳ ಹೆಸರು ಬರೆಸಿ, ಒಂದು ಪ್ರತಿ ಊರಲ್ಲಿ ಇಡೋಣ. ವಾರಕ್ಕೊಮ್ಮೆ ಫೋನಿನಲ್ಲಿ ವಿಚಾರಿಸೋಣ. ಯಾರನ್ನಾದರೂ ತಡೆದಿಟ್ಟರೆ ಜಿಲ್ಲಾಧಿಕಾರಿಗೆ ಲಿಖಿತ ದೂರು ಕೊಟ್ಟು, ಮುಟ್ಟಿದ್ದಕ್ಕೆ ರಸೀದಿ ಪಡೆಯೋಣ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ದೂರಿನ ಮೇಲೆ ಏನು ಬರೆದಿರಿ ಎಂದು ಕೇಳೋಣ. ಹಂಗಾಮು ಮುಗಿದು ಮರಳಿದಾಗ ಚಾವಡಿಯ ಮುಂದೆ ಎಲ್ಲರ ಲೆಕ್ಕವನ್ನೂ ಗಟ್ಟಿಯಾಗಿ ಓದೋಣ.

ಒಬ್ಬನೇ ಕೇಳಿದರೆ ಮುಂದಿನ ವರ್ಷ ಅವನಿಗೆ ಕೆಲಸವಿಲ್ಲ. ಊರೇ ಕೇಳಿದರೆ ಯಾರನ್ನು ಬಿಡುತ್ತಾರೆ?

ನನ್ನ ತಂದೆ ಈಗಿಲ್ಲ. ಅವರು ಕೇಳದೆ ಉಳಿದ ಪ್ರಶ್ನೆಯನ್ನು ಈ ದಸರೆಗೆ ಮುಂಚೆ ನೀವು ಕೇಳಿರಿ. ಓದು ಬಲ್ಲ ಮಕ್ಕಳು ನಿಮ್ಮ ಪಕ್ಕದಲ್ಲಿ ನಿಲ್ಲಲಿ.